ಬಚ್ಚಲಿನ ಫ್ಯಾನು ಮತ್ತು ಚಳಿಗಾಳಿ

ಪುಣೆಯ ಕನ್ನಡ ಕೇಳುಗರಿಗೆ ನಮಸ್ಕಾರ.

ಡಿಸೆಂಬರ್, ಜನವರಿಯ ಕೆಲವು ಬೆಳಗುಗಳಲ್ಲಿ ಇಲ್ಲಿಯ ಉಷ್ಣತೆ 10 ಡಿಗ್ರಿಗಿಂತ ಕೆಳಗಿಳಿಯುತ್ತದೆ. ಬಿಸಿನೀರು ಹೊಯ್ದುಕೊಳ್ಳುವಾಗ ಎಕ್ಸಾಸ್ಟ್ ಫ್ಯಾನಿನ ಕಿಂಡಿಯಿಂದ ತಣ್ಣನೆಯ ಗಾಳಿ ಬೆನ್ನಿಗೆ ಬಡಿದರೆ ಸ್ನಾನದ ಸುಖವೆಲ್ಲ ಹೋಯಿತು. ಇದಕ್ಕೆ ನನ್ನದು ಒಂದೇ ಉತ್ತರ: ಕಿಂಡಿಗೆ ಏನನ್ನೂ ತುರುಕಬೇಡಿ, ಹೊರಗಡೆಯಿಂದ ಶಟರ್ ಹಾಕಿಸಿ.

ಶಟರ್ ಎಂದರೆ ಮೇಲಂಚಿನಲ್ಲಿ ತೂಗುಬಿದ್ದ ತೆಳು ಪಟ್ಟಿಗಳು. ಫ್ಯಾನು ತಿರುಗಿದಾಗ ಒಳಗಿನ ಗಾಳಿ ಅವನ್ನು ತಳ್ಳಿ ತೆರೆಯುತ್ತದೆ. ಫ್ಯಾನು ನಿಂತೊಡನೆ ತಮ್ಮ ಭಾರಕ್ಕೆ ತಾವೇ ಬಿದ್ದು ಮುಚ್ಚಿಕೊಳ್ಳುತ್ತವೆ. ಹೊರಗಿನ ಗಾಳಿ ನೂಕಿದಷ್ಟೂ ಬಿಗಿಯಾಗಿ ಕೂರುತ್ತವೆ. ಇದಕ್ಕೆ ವಿದ್ಯುತ್ತೂ ಬೇಡ, ಸ್ವಿಚ್ಚೂ ಬೇಡ.

ಕೋಥ್ರೂಡಿನಲ್ಲಿ ಧಾರವಾಡದ ಕಡೆಯವರ ಮನೆಯೊಂದಿದೆ. ಆ ಮನೆಯ ಅಜ್ಜಿ ದೀಪಾವಳಿ ಮುಗಿಯಿತೆಂದರೆ ಫ್ಯಾನಿನ ಕಿಂಡಿಗೆ ಹಳೆಯ ಕೌದಿಯ ತುಂಡನ್ನು ಗಿಡಿಯುತ್ತಿದ್ದರು. ಒಂದು ದಿನ ಮೊಮ್ಮಗ ಅರಿಯದೆ ಸ್ವಿಚ್ ಒತ್ತಿದ. ಬಟ್ಟೆ ರೆಕ್ಕೆಗೆ ಸುತ್ತಿಕೊಂಡು ಮೋಟಾರು ಗುಂಯ್ ಎಂದಿತು, ಸುಟ್ಟ ವಾಸನೆ ಮನೆಯೆಲ್ಲ ಹರಡಿತು. ನನ್ನನ್ನು ಕರೆಸಿದರು. ಸ್ಟೂಲು ಹತ್ತಿ ಎಳೆದರೆ ಮೊದಲು ಕೌದಿ ಬಂತು. ಅದರ ಹಿಂದೆ ಹಳೆಯ ಮರಾಠಿ ಪತ್ರಿಕೆ, ಅದರ ಹಿಂದೆ ಪಾರಿವಾಳದ ಗೂಡು! ಅಜ್ಜಿಗೆ ಮಾತ್ರ ಅಳುಕಿಲ್ಲ. "ತಮ್ಮಾ, ಚಳಿ ನಿಂತಿತ್ತಲ್ಲ, ಇನ್ನೇನು ಬೇಕಿತ್ತು ನಿನಗೆ?" ಎಂದರು. ಹೊಸ ಫ್ಯಾನು, ಶಟರ್ ಕೂರಿಸಿದ ಮೇಲೂ ನಂಬದೆ, ದೇವರ ಮುಂದಿನ ಊದುಬತ್ತಿಯನ್ನು ತಂದು ಕಿಂಡಿಯ ಹತ್ತಿರ ಹಿಡಿದರು. ಪಟ್ಟಿಗಳ ಮುಂದೆ ಹೊಗೆ ನೆಟ್ಟಗೆ ಏರಿತು. ಚೌಕಟ್ಟಿನ ಮೂಲೆಯಲ್ಲಿ ಬಾಗಿತು. ಗೋಡೆಗೂ ಚೌಕಟ್ಟಿಗೂ ನಡುವೆ ಸಂದು ಉಳಿದಿತ್ತು. ಅದಕ್ಕೆ ಸಂದು ಮುಚ್ಚುವ ಸಿಲಿಕೋನ್ ಅಂಟು ತುಂಬಿದ ಮೇಲೆಯೇ ನನಗೆ ಚಹಾ ಸಿಕ್ಕಿದ್ದು. ನೀವೂ ಹಾಗೆಯೇ ಪರೀಕ್ಷಿಸಿ, ಅಜ್ಜಿಗಿಂತ ಒಳ್ಳೆಯ ಇನ್‌ಸ್ಪೆಕ್ಟರ್ ನಿಮಗೆ ಸಿಗುವುದಿಲ್ಲ.

ಸಮಯ ಕಡಿಮೆ ಇದೆ, ಬೇಗ ಹೇಳುತ್ತೇನೆ. ಬಚ್ಚಲಿನೊಳಗೆ ಗ್ಯಾಸ್ ಗೀಸರ್ ಇದ್ದರೆ ಮೊದಲು ಅದನ್ನು ಹೊರಗೆ ಹಾಕಿಸಿ, ಶಟರಿನ ಮಾತು ಆಮೇಲೆ. ಗಾಳಿಯಾಡದ ಕೋಣೆಯಲ್ಲಿ ಗ್ಯಾಸ್ ಉರಿದರೆ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ; ಸ್ನಾನಕ್ಕೆ ಹೋದವರು ಹೊರಗೆ ಬರುವುದೇ ಇಲ್ಲ. ಅಂಥ ಬಚ್ಚಲಿನ ಕಿಂಡಿಗೂ ಬಟ್ಟೆ ತುರುಕುವವರಿದ್ದಾರೆ, ಏನು ಹೇಳಲಿ!

ಸ್ನಾನ ಮಾಡುವಾಗಲೇ ಫ್ಯಾನು ಹಾಕಿದರೆ ಅದು ಬಾಗಿಲಿನ ಅಡಿಯಿಂದ ತಣ್ಣನೆಯ ಗಾಳಿಯನ್ನು ಎಳೆಯುತ್ತದೆ. ಸ್ನಾನವಾದ ಮೇಲೆ ಹಾಕಿ. ಪಟ್ಟಿಗಳಿಗೆ ಧೂಳು ಮೆತ್ತಿಕೊಂಡರೆ ಅವು ಅರ್ಧಕ್ಕೇ ನಿಲ್ಲುತ್ತವೆ. ಸ್ವಿಚ್ ಆಫ್ ಮಾಡಿ ಒದ್ದೆ ಬಟ್ಟೆಯಿಂದ ಒರೆಸಿ. ಶಟರ್ ಕೊಳ್ಳಲು ಬುಧವಾರ ಪೇಠೆಯ ತಾಪಕೀರ್ ಗಲ್ಲಿಯ ವಿದ್ಯುತ್ ಸಾಮಾನಿನ ಅಂಗಡಿಗಳಿಗೆ ಹೋಗುವ ಮುನ್ನ ಫ್ಯಾನು 6 ಇಂಚಿನದೋ 8 ಇಂಚಿನದೋ ಅಳೆದುಕೊಳ್ಳಿ. ಅಂಗಡಿಯವರು ಕಿಂಡಿಗೆ ತುರುಕಲು ಸ್ಪಂಜು ಕೊಡಲು ಬಂದರೆ ಬೇಡವೆನ್ನಿ, ಶಟರನ್ನೇ ಕೇಳಿ. ನಮಸ್ಕಾರ.