ಹರ್-ಟು ಇದ್ದವರಿಗೆ ಮಾತ್ರ

ಕೇಳುಗರಿಗೆ ನಮಸ್ಕಾರ. ಸ್ತನ ಕ್ಯಾನ್ಸರ್ ಚಿಕಿತ್ಸೆಗೆ ಬರುವ ಹೆಣ್ಣುಮಕ್ಕಳಿಗಿಂತ ಅವರ ಜೊತೆಗೆ ಬರುವ ಮಗ, ಅಳಿಯ, ತಮ್ಮ ಇವರೇ ಪದೇ ಪದೇ ಕೇಳುವ ಮಾತೊಂದಿದೆ. "ಡಾಕ್ಟ್ರೇ, ಕೀಮೋ ಬೇಡ. ಕೂದಲು ಉದುರದ ಹೊಸ ಇಂಜೆಕ್ಷನ್ ಬಂದಿದೆಯಂತಲ್ಲ, ಅದನ್ನೇ ಕೊಟ್ಬಿಡಿ. ದುಡ್ಡು ಹೇಗಾದ್ರೂ ಹೊಂದಿಸ್ತೀವಿ." ಅವರ ಮನಸ್ಸಿನಲ್ಲಿರುವುದು ಹೆಚ್ಚಾಗಿ ಟ್ರಾಸ್ಟುಝುಮಾಬ್ ಅನ್ನುವ ಔಷಧಿ. ದುಡ್ಡಿನ ಮಾತು ಆಮೇಲೆ. ಮೊದಲು ಬಯಾಪ್ಸಿ ರಿಪೋರ್ಟು ತೆಗೆಯಿರಿ ಅಂತೀನಿ ನಾನು.

ಆ ರಿಪೋರ್ಟಿನಲ್ಲಿ ಹರ್-ಟು ಅಂತ ಒಂದು ಸಾಲು ಇರುತ್ತದೆ. ಹರ್-ಟು ಅಂದರೆ ಜೀವಕೋಶದ ಮೈಮೇಲಿರುವ ಒಂದು ಪ್ರೋಟೀನು. ಕೋಶ ಬೆಳೆಯಬೇಕು, ಒಡೆದು ಎರಡಾಗಬೇಕು ಎಂಬ ಸಂದೇಶವನ್ನು ಒಳಗೆ ಮುಟ್ಟಿಸುವುದು ಅದರ ಕೆಲಸ. ಆರೋಗ್ಯವಂತರಲ್ಲೂ ಇದು ಸ್ವಲ್ಪ ಇದ್ದೇ ಇರುತ್ತದೆ. ಆದರೆ ಸ್ತನ ಕ್ಯಾನ್ಸರ್ ಬಂದ ನೂರರಲ್ಲಿ ಸುಮಾರು 15ರಿಂದ 20 ಮಂದಿಯ ಗಡ್ಡೆಯಲ್ಲಿ ಮಾತ್ರ ಇದು ವಿಪರೀತ ಹೆಚ್ಚಿರುತ್ತದೆ. ಹಾಗಿದ್ದವರಲ್ಲಿ ಕಾಯಿಲೆ ಬೇಗ ಹರಡುತ್ತದೆ ಎಂದು 1987ರಲ್ಲಿ ತೋರಿಸಿದವರು ಅಮೆರಿಕದ ಲಾಸ್ ಏಂಜಲೀಸ್‌ನ ವೈದ್ಯ ಡೆನಿಸ್ ಸ್ಲಾಮನ್ ಮತ್ತು ಸಂಗಡಿಗರು.

ಆ ಪ್ರೋಟೀನಿಗೇ ಹೋಗಿ ಅಂಟಿಕೊಳ್ಳುವ ಪ್ರತಿಕಾಯ ಈ ಟ್ರಾಸ್ಟುಝುಮಾಬ್. ಪ್ರತಿಕಾಯ ಅಂದರೆ ಹೊರಗಿನಿಂದ ಬಂದದ್ದನ್ನು ಗುರುತಿಸಿ ಅಂಟಿಕೊಳ್ಳಲು ದೇಹ ತಯಾರಿಸುವ ಪ್ರೋಟೀನು, ಆಂಟಿಬಾಡಿ. ಒಂದೇ ಬಗೆಯ ಪ್ರತಿಕಾಯವನ್ನು ಬೇಕಾದಷ್ಟು ತಯಾರಿಸುವ ದಾರಿಯನ್ನು ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ವಿಜ್ಞಾನಿಗಳಾದ ಕೋಲರ್ ಮತ್ತು ಮಿಲ್‌ಸ್ಟೈನ್ 1975ರಲ್ಲೇ ಕಂಡುಕೊಂಡಿದ್ದರು. ಆದರೆ ಅದು ಇಲಿಯ ಪ್ರತಿಕಾಯ, ನಮ್ಮ ದೇಹ ಅದನ್ನು ಪರಕೀಯವೆಂದು ಹೊರದಬ್ಬುತ್ತದೆ. ಹಾಗಾಗಿ ಹರ್-ಟುವಿಗೆ ಅಂಟುವ ತುದಿಯಷ್ಟನ್ನು ಉಳಿಸಿಕೊಂಡು ಮಿಕ್ಕಿದ್ದನ್ನೆಲ್ಲ ಮನುಷ್ಯರ ಪ್ರತಿಕಾಯದಂತೆ ಮಾರ್ಪಡಿಸಿದರು. 1998ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಕೋಶದ ಮೇಲೆ ಹೋಗಿ ಕೂತ ಔಷಧಿ ಬೆಳವಣಿಗೆಯ ಸಂದೇಶವನ್ನು ತಡೆಯುತ್ತದೆ; ಜೊತೆಗೆ ನಮ್ಮದೇ ರೋಗನಿರೋಧಕ ಕೋಶಗಳನ್ನು ಅಲ್ಲಿಗೆ ಕರೆತರುತ್ತದೆ. ಹರ್-ಟು ಹೆಚ್ಚಿಲ್ಲದ ಗಡ್ಡೆಯಲ್ಲಿ ಇದಕ್ಕೆ ಕೆಲಸವೇ ಇಲ್ಲ. ಎಷ್ಟು ಲಕ್ಷ ಸುರಿದರೂ ಇಲ್ಲ.

ರಿಪೋರ್ಟಿನ ಹರ್-ಟು ಸಾಲಿನಲ್ಲಿ ಸೊನ್ನೆ ಅಥವಾ ಒಂದು ಪ್ಲಸ್ ಅಂತಿದ್ದರೆ ನೆಗೆಟಿವ್, ಅಂದರೆ ಹರ್-ಟು ಹೆಚ್ಚಿಲ್ಲ. ಮೂರು ಪ್ಲಸ್ ಇದ್ದರೆ ಪಾಸಿಟಿವ್. ಎರಡು ಪ್ಲಸ್ ಬಂದರೆ ಅದು ನಡುವಿನದು. ಫಿಶ್ ಅನ್ನುವ ಇನ್ನೊಂದು ಪರೀಕ್ಷೆ ಆಗಲೇಬೇಕು. ಎಷ್ಟೋ ಫೈಲುಗಳಲ್ಲಿ ಎರಡು ಪ್ಲಸ್ ಎಂದು ಬರೆದು ಅಲ್ಲಿಗೇ ನಿಂತಿರುತ್ತದೆ. ಅಂಥ ಕಡೆ "ಫಿಶ್ ಮಾಡಿಸಿದ್ದೀರಾ?" ಅಂತ ನೀವೇ ಕೇಳಿ, ಸಂಕೋಚ ಬೇಡ.

ಇನ್ನು ಕೀಮೋ ಬೇಡ ಅನ್ನುವ ಆಸೆ. ಸಾಮಾನ್ಯವಾಗಿ ಇದನ್ನು ಕೀಮೋ ಜೊತೆಗೇ ಶುರುಮಾಡುತ್ತೇವೆ, ಕೂದಲು ಉದುರುವುದು ಆ ಕೀಮೋದಿಂದ. ಕೀಮೋ ಮುಗಿದ ಮೇಲೆ ಇದೊಂದೇ ಮುಂದುವರಿಯುತ್ತದೆ, ಕೂದಲೂ ಮತ್ತೆ ಬರುತ್ತದೆ. ಆರಂಭದ ಹಂತದಲ್ಲೇ ಪತ್ತೆಯಾದವರಿಗೆ ಒಟ್ಟು ಒಂದು ವರ್ಷ, ಮೂರು ವಾರಕ್ಕೊಮ್ಮೆ. ಕೀಮೋ ಜೊತೆ ಇದನ್ನೂ ಕೊಟ್ಟಾಗ ಕಾಯಿಲೆ ಮರುಕಳಿಸುವುದು ಹೆಚ್ಚುಕಡಿಮೆ ಅರ್ಧದಷ್ಟು ತಗ್ಗಿತೆಂದು 2005ರಲ್ಲಿ ಹೊರಬಂದ ದೊಡ್ಡ ಅಧ್ಯಯನಗಳು ತೋರಿಸಿದವು.

ಡೋಸು ತೂಕದ ಲೆಕ್ಕ. ಮೊದಲ ಸಲ ಕಿಲೋಗೆ 8 ಮಿಲಿಗ್ರಾಂ, ಆಮೇಲೆ 6. ಅರವತ್ತು ಕಿಲೋ ಇರುವವರಿಗೆ ಎರಡನೇ ಸಲದಿಂದ 360 ಮಿಲಿಗ್ರಾಂ. ನಮ್ಮಲ್ಲಿ ಸಿಗುವ ದೊಡ್ಡ ಬಾಟಲಿ 440ರದ್ದು, ಹಾಗಾಗಿ 80 ಉಳಿಯುತ್ತದೆ. ಜೊತೆಗೆ ಬರುವ ಸಂರಕ್ಷಕ ಬೆರೆಸಿದ ನೀರಿನಲ್ಲೇ ಕಲಸಿದ್ದರೆ, 2ರಿಂದ 8 ಡಿಗ್ರಿ ತಂಪಿನಲ್ಲಿ ಅದು 28 ದಿನ ಇರುತ್ತದೆ, ಮುಂದಿನ ಸಲಕ್ಕೆ ಆಗುತ್ತದೆ. ಆದರೆ ಫ್ರೀಜರ್‌ನಲ್ಲಿಟ್ಟರೆ ಕೆಟ್ಟಿತು. ಕರೆಂಟು ಹೋಗುವ ಊರಾದರೆ ಅದನ್ನು ಆಸ್ಪತ್ರೆಯ ಫಾರ್ಮಸಿಯಲ್ಲೇ ಹೆಸರು ಬರೆಸಿ ಇಡಿಸಿ.

ಮೊದಲ ಡ್ರಿಪ್ಪಿನಲ್ಲಿ ಚಳಿ, ಜ್ವರ ಬರಬಹುದು. ಅದಕ್ಕೇ ಒಂದೂವರೆ ಗಂಟೆ ನಿಧಾನವಾಗಿ ಬಿಡುತ್ತೇವೆ. ನನಗೆ ಹೆಚ್ಚು ಚಿಂತೆ ಹೃದಯದ್ದು. ಹೃದಯದ ಸ್ನಾಯುವಿಗೂ ಹರ್-ಟು ಬೇಕು, ಆದ್ದರಿಂದ ಕೆಲವರಲ್ಲಿ ಅದರ ಬಲ ಕುಗ್ಗುತ್ತದೆ. ಕೆಂಪು ಬಣ್ಣದ ಡಾಕ್ಸೊರುಬಿಸಿನ್ ಕೀಮೋ ಆದವರಲ್ಲಿ ಇನ್ನೂ ಎಚ್ಚರ ಬೇಕು. ಶುರುವಿಗೆ ಮುಂಚೆ ಒಂದು ಎಕೋ, ಅಂದರೆ ಹೃದಯದ ಸ್ಕ್ಯಾನು, ಆಮೇಲೆ ಮೂರು ತಿಂಗಳಿಗೊಂದು. "ಚೆನ್ನಾಗೇ ಇದೀನಲ್ಲ, ಯಾಕೆ ಸುಮ್ನೆ ಖರ್ಚು" ಎಂದು ಎಕೋ ತಪ್ಪಿಸುವವರಿದ್ದಾರೆ. ಮೆಟ್ಟಿಲು ಹತ್ತುವಾಗ ಏದುಸಿರು, ಕಾಲು ಊತ, ಮಲಗಿದರೆ ಉಸಿರು ಕಟ್ಟುವುದು ಕಂಡರೆ ಅದೇ ದಿನ ಬನ್ನಿ. ಹೊತ್ತಿಗೆ ಸರಿಯಾಗಿ ನಿಲ್ಲಿಸಿದರೆ ಬಹುತೇಕರ ಹೃದಯ ಚೇತರಿಸಿಕೊಳ್ಳುತ್ತದೆ. ಗರ್ಭಿಣಿಯರಿಗಂತೂ ಈ ಔಷಧಿ ಕೂಡದು. ಕೊನೆಯ ಡೋಸಾದ ಮೇಲೂ ಏಳು ತಿಂಗಳು ಗರ್ಭ ಧರಿಸಬಾರದು.

"ಇಂಡಿಯಾದ್ದು ಅಗ್ಗ, ಒಳ್ಳೇದಿರತ್ತಾ?" ಎಂಬ ಅನುಮಾನವೂ ಇದೆ. ಇದು ಜೀವಂತ ಕೋಶಗಳು ತಯಾರಿಸುವ ಔಷಧಿ. ಒಂದೇ ಹೆಪ್ಪು ಹಾಕಿದರೂ ಎರಡು ಮನೆಯ ಮೊಸರು ಕೂದಲೆಳೆಯಷ್ಟು ಬೇರೆ ಇದ್ದಂತೆ, ಅಚ್ಚೊತ್ತಿದ ನಕಲು ಆಗುವುದಿಲ್ಲ. ಅದಕ್ಕೇ ಇದನ್ನು ಬಯೋಸಿಮಿಲರ್ ಅನ್ನುವುದು, ಪರಿಣಾಮ ಸಮಾನ ಎಂದು ಸಾಬೀತಾಗಬೇಕು. ಬೆಂಗಳೂರಿನ ಬಯೋಕಾನ್ ಕಂಪನಿ 2014ರಲ್ಲಿ ತನ್ನದನ್ನು ಇಲ್ಲಿ ಮಾರುಕಟ್ಟೆಗೆ ತಂದಿತು. 2017ರ ಡಿಸೆಂಬರಿನಲ್ಲಿ, ಮೈಲಾನ್ ಅನ್ನುವ ಔಷಧಿ ಕಂಪನಿಯ ಜೊತೆ ಸೇರಿ, ಅಮೆರಿಕದ ಒಪ್ಪಿಗೆಯನ್ನೂ ಪಡೆಯಿತು. ನಾನಂತೂ ಧೈರ್ಯವಾಗಿ ಬರೆಯುತ್ತೇನೆ.

ಬಿಲ್ಲು ಕೈಗೆ ಬಂದಾಗ ಹೆಸರನ್ನು ಪೂರ್ತಿ ಓದಿ. ಟ್ರಾಸ್ಟುಝುಮಾಬ್ ಬೇರೆ, ಟ್ರಾಸ್ಟುಝುಮಾಬ್ ಎಮ್ಟಾನ್ಸಿನ್ ಬೇರೆ, ಟ್ರಾಸ್ಟುಝುಮಾಬ್ ಡೆರುಕ್ಸ್‌ಟೆಕಾನ್ ಇನ್ನೂ ಬೇರೆ. ಕೊನೆಯ ಎರಡರಲ್ಲಿ ಪ್ರತಿಕಾಯಕ್ಕೆ ಕೀಮೋ ಔಷಧಿಯನ್ನೇ ಜೋಡಿಸಿರುತ್ತಾರೆ. ಡೋಸೂ ಬೇರೆ, ಬೆಲೆಯೂ ಬೇರೆ. ಅದಲುಬದಲಾದರೆ ಅಪಾಯ. ಮೊದಲ ಹೆಸರು ಒಂದೇ ಇದೆಯೆಂದು ಸುಮ್ಮನಿರದೆ, ಡ್ರಿಪ್ ಏರಿಸುವ ಮುಂಚೆ ನರ್ಸಮ್ಮನಿಗೆ ಚೀಟಿ, ಬಾಟಲಿ ಎರಡನ್ನೂ ಒಟ್ಟಿಗೆ ತೋರಿಸಿ. ನಮಸ್ಕಾರ.