ಶನಿವಾರ ವಿಸ್ಕಿಯ ಹಾಡು, ಭಾನುವಾರ ಯೇಸುವಿನ ಹಾಡು: ಕಂಟ್ರಿ ಗಾಸ್ಪೆಲ್ ಹುಟ್ಟಿದ ಕಥೆ

ಎಲ್ಲರಿಗೂ ನಮಸ್ಕಾರ.

ಕಂಟ್ರಿ ಸಂಗೀತದ ಬಗ್ಗೆ ಮಾತಾಡಿದಾಗಲೆಲ್ಲ ನೀವು ಕೇಳುವ ಒಂದು ಪ್ರಶ್ನೆ ಇದೆ. ಅಮೆರಿಕದ ಈ ಗಾಯಕರು ಒಂದು ಹಾಡಿನಲ್ಲಿ ಕುಡಿತ, ಮೋಸ, ಮುರಿದ ಮದುವೆ ಅಂತ ಹಾಡುತ್ತಾರೆ. ಅದೇ ವೇದಿಕೆ, ಅದೇ ಗಿಟಾರ್. ಮುಂದಿನ ಹಾಡು ಮಾತ್ರ ಯೇಸುವಿನ ಮೇಲೆ. ಇದರಲ್ಲಿ ಯಾವುದು ನಿಜ, ಯಾವುದು ತೋರಿಕೆ?

ಎರಡೂ ನಿಜ ಅಂತ ನಾನು ನಂಬುತ್ತೇನೆ. ಅದು ಅರ್ಥವಾಗಬೇಕಾದರೆ ಈ ಜನ ಹಾಡೋದನ್ನು ಎಲ್ಲಿ ಕಲಿತರು ಅಂತ ಮೊದಲು ನೋಡಬೇಕು.

ಹಿನ್ನೆಲೆ ಬೇಗ ಹೇಳಿಬಿಡುತ್ತೇನೆ. ಅಮೆರಿಕದ ದಕ್ಷಿಣ ಭಾಗ. ಅಪಲಾಚಿಯನ್ ಬೆಟ್ಟಗಳು, ಹತ್ತಿ ಹೊಲಗಳು, ಕಲ್ಲಿದ್ದಲು ಗಣಿಗಳು. ಜನ ಹೆಚ್ಚಾಗಿ ಬ್ಯಾಪ್ಟಿಸ್ಟ್, ಮೆಥೋಡಿಸ್ಟ್, ಆಮೇಲೆ ಪೆಂಟೆಕೋಸ್ಟಲ್ ಸಭೆಗಳವರು. 1927ರಲ್ಲಿ ವಿಕ್ಟರ್ ಕಂಪನಿಗಾಗಿ ರಾಲ್ಫ್ ಪಿಯರ್ ಎಂಬವರು ಟೆನೆಸಿ ಮತ್ತು ವರ್ಜೀನಿಯಾ ಗಡಿಯ ಬ್ರಿಸ್ಟಲ್ ಊರಿಗೆ ರೆಕಾರ್ಡಿಂಗ್ ಯಂತ್ರ ತಂದರು. ಕಾರ್ಟರ್ ಕುಟುಂಬ ಮತ್ತು ಜಿಮ್ಮಿ ರಾಡ್ಜರ್ಸ್ ಮೊದಲ ಸಲ ರೆಕಾರ್ಡ್ ಆದದ್ದು ಅಲ್ಲೇ. ಕಂಟ್ರಿ ಸಂಗೀತದ ಇತಿಹಾಸವನ್ನು ಸಾಮಾನ್ಯವಾಗಿ ಆ ದಿನಗಳಿಂದಲೇ ಶುರು ಮಾಡುತ್ತಾರೆ. ಆದರೆ ಅದೇ ಯಂತ್ರದ ಮುಂದೆ ಕೆಂಟಕಿಯ ಬ್ಯಾಪ್ಟಿಸ್ಟ್ ಪಾದ್ರಿ ಆಲ್ಫ್ರೆಡ್ ಕಾರ್ನ್ಸ್ ಕೂಡ ನಿಂತು ಹಾಡಿದರು. ಅರ್ನೆಸ್ಟ್ ಫಿಪ್ಸ್ ಮತ್ತು ಅವರ ಹೋಲಿನೆಸ್ ಸಭೆಯವರೂ ಹಾಡಿದರು. ಅಂದರೆ ಗಾಸ್ಪೆಲ್, ಯೇಸುವಿನ ಮೇಲಿನ ಭಕ್ತಿಯ ಹಾಡು, ಮೊದಲ ದಿನದಿಂದಲೇ ಈ ಸಂಗೀತದ ಒಳಗಿತ್ತು.

ಈಗ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗಕ್ಕೆ ಬರೋಣ. ಸ್ವಲ್ಪ ಜಾಸ್ತಿ ಹೊತ್ತು ಇಲ್ಲೇ ಇರುತ್ತೇನೆ.

[ತೆರೆಯ ಮೇಲೆ: ಹಳೆಯ ಹಾಡಿನ ಪುಸ್ತಕದ ಪುಟ. ಸ್ವರಗಳು ತ್ರಿಕೋನ, ಚೌಕ, ವಜ್ರದ ಆಕಾರದಲ್ಲಿ]

ಈ ಪುಟ ನೋಡಿ. ಪಾಶ್ಚಾತ್ಯ ಸಂಗೀತದ ಐದು ಗೆರೆ ಹಾಗೇ ಇದೆ. ಆದರೆ ಸ್ವರದ ತಲೆಗಳು ಎಲ್ಲ ಒಂದೇ ತರಹ ದುಂಡಗಿಲ್ಲ. ಒಂದು ತ್ರಿಕೋನ, ಒಂದು ಚೌಕ, ಒಂದು ವಜ್ರ. ಇದಕ್ಕೆ ಶೇಪ್ ನೋಟ್ ಅನ್ನುತ್ತಾರೆ. 1801ರಲ್ಲಿ ವಿಲಿಯಂ ಲಿಟಲ್ ಮತ್ತು ವಿಲಿಯಂ ಸ್ಮಿತ್ ಈ ಪದ್ಧತಿಯ ಪುಸ್ತಕ ತಂದರು. ಆಗ ಇದ್ದದ್ದು ನಾಲ್ಕೇ ಆಕಾರ. ಫಾ ಅಂದರೆ ತ್ರಿಕೋನ, ಸೋಲ್ ಅಂದರೆ ದುಂಡು, ಲಾ ಅಂದರೆ ಚೌಕ, ಮಿ ಅಂದರೆ ವಜ್ರ.

ಇದರಿಂದ ಏನು ಉಪಯೋಗ? ಹಳ್ಳಿಯ ರೈತನಿಗೆ ಪಿಯಾನೊ ಎಲ್ಲಿಂದ ಬರಬೇಕು? ಯಾವ ಗೆರೆಯ ಮೇಲೆ ಯಾವ ಸ್ವರ, ಯಾವ ಶ್ರುತಿಗೆ ಎಷ್ಟು ಚಿಹ್ನೆ ಅಂತೆಲ್ಲ ಕಲಿಯಲು ವರ್ಷಗಟ್ಟಲೆ ಬೇಕು. ಇಲ್ಲಿ ಆಕಾರ ನೋಡಿದರೆ ಸಾಕು. ಹಾಡನ್ನು ಎತ್ತರದ ಶ್ರುತಿಯಲ್ಲಿ ಹಿಡಿಯಿರಿ, ತಗ್ಗಿನಲ್ಲಿ ಹಿಡಿಯಿರಿ, ಆಕಾರ ಬದಲಾಗುವುದಿಲ್ಲ.

ಕರ್ನಾಟಕ ಸಂಗೀತ ಕಲಿತವರಿಗೆ ಇಷ್ಟು ಹೊತ್ತಿಗೆ ಹೊಳೆದಿರಬೇಕು, ಅಲ್ವಾ? ನಮ್ಮ ಷಡ್ಜವೂ ಹೀಗೇ ತಾನೇ! ಒಬ್ಬರು ಒಂದು ಮನೆ ಶ್ರುತಿಯಲ್ಲಿ ಹಾಡುತ್ತಾರೆ, ಇನ್ನೊಬ್ಬರು ಐದು ಮನೆಯಲ್ಲಿ. ಸ ಎಲ್ಲಿ ನಿಂತರೂ ಅದು ಸ. ಉಳಿದ ಸ್ವರಗಳು ಅದನ್ನು ನೋಡಿಕೊಂಡು ತಮ್ಮ ಜಾಗ ಹುಡುಕಿಕೊಳ್ಳುತ್ತವೆ.

ಇನ್ನೂ ಸ್ವಾರಸ್ಯವಾದದ್ದು ಮುಂದಿದೆ. 1844ರಲ್ಲಿ ಜಾರ್ಜಿಯಾದ ಬಿ. ಎಫ್. ವೈಟ್ ಮತ್ತು ಇ. ಜೆ. ಕಿಂಗ್ ಅವರು ಸೇಕ್ರೆಡ್ ಹಾರ್ಪ್ ಎಂಬ ಹಾಡಿನ ಪುಸ್ತಕ ಹೊರತಂದರು. ಅದನ್ನು ಇವತ್ತಿಗೂ ಹಾಡುತ್ತಾರೆ. ಹೇಗೆ ಗೊತ್ತಾ? ಮೊದಲು ಹಾಡಿನ ಮಾತೇ ಇಲ್ಲ. ಎಲ್ಲರೂ ಫಾ, ಸೋಲ್, ಲಾ ಅಂತ ಸ್ವರಗಳನ್ನೇ ಹಾಡುತ್ತಾರೆ. ಒಂದು ಸುತ್ತು ಮುಗಿದ ಮೇಲೆ ಅದೇ ಧಾಟಿಯಲ್ಲಿ ಸಾಹಿತ್ಯ. ನಮ್ಮ ಮೇಷ್ಟ್ರು ಪಿಳ್ಳಾರಿ ಗೀತೆ ಹೇಳಿಕೊಡುವ ಕ್ರಮವೂ ಇದೇ. ಮೊದಲು ಸ್ವರ, ಆಮೇಲೆ ಸಾಹಿತ್ಯ. ಪುರಂದರದಾಸರ ದಾರಿಗೂ ಜಾರ್ಜಿಯಾದ ರೈತರ ದಾರಿಗೂ ಯಾವ ಸಂಪರ್ಕವೂ ಇರಲಿಲ್ಲ. ಓದುಬರಹ ಕಮ್ಮಿ ಇರುವ ಜನಕ್ಕೆ ಭಕ್ತಿಯ ಹಾಡು ಕಲಿಸಲು ಹೊರಟ ಇಬ್ಬರೂ ಒಂದೇ ಉಪಾಯಕ್ಕೆ ಬಂದು ನಿಂತರು. ಇದನ್ನು ನೆನೆದಾಗಲೆಲ್ಲ ನನಗೆ ತುಂಬ ಖುಷಿಯಾಗುತ್ತದೆ.

[ತೆರೆಯ ಮೇಲೆ: ಚೌಕಾಕಾರವಾಗಿ ಕುಳಿತ ಹಾಡುಗಾರರು, ನಡುವೆ ಕೈ ಬೀಸುತ್ತಿರುವ ಒಬ್ಬರು]

ಅವರು ಕೂರುವ ರೀತಿಯನ್ನೂ ಗಮನಿಸಿ. ಒಂದೇ ಹಾಡನ್ನು ಬೇರೆ ಬೇರೆ ಧಾಟಿಯಲ್ಲಿ ಒಟ್ಟಿಗೆ ಹಾಡುವ ನಾಲ್ಕು ದನಿಗಳವರು ನಾಲ್ಕು ಬದಿಗೆ, ಒಬ್ಬರಿಗೊಬ್ಬರು ಎದುರಾಗಿ. ನಡುವಿನ ಜಾಗ ಖಾಲಿ. ಒಬ್ಬೊಬ್ಬರೇ ಸರದಿಯಂತೆ ಅಲ್ಲಿಗೆ ಬಂದು ತಾಳ ಹಾಕುತ್ತಾ ಹಾಡು ನಡೆಸುತ್ತಾರೆ. ಸಭಿಕರ ಸಾಲು ಅಂತ ಬೇರೆ ಇಲ್ಲ. ಮೈಕಿಲ್ಲ, ವಾದ್ಯವಿಲ್ಲ. ಬಂದವರೆಲ್ಲ ಹಾಡಬೇಕು. ದನಿ ಇಂಪಾಗಿರಬೇಕು ಅಂತಿಲ್ಲ, ಗಂಟಲು ಬಿಚ್ಚಿ ಹಾಡಿದರೆ ಸಾಕು. ಕೇಳುವುದು ದೇವರಿಗೆ ಬಿಟ್ಟದ್ದು.

1846ರಲ್ಲಿ ಜೆಸ್ಸಿ ಐಕಿನ್ ಎಂಬವರು ಏಳು ಸ್ವರಕ್ಕೂ ಏಳು ಆಕಾರ ಕೊಟ್ಟರು. ಮುಂದೆ ಗಾಸ್ಪೆಲ್ ಪುಸ್ತಕಗಳು ಈ ಏಳರ ಪದ್ಧತಿಯನ್ನೇ ಹಿಡಿದವು. ಊರೂರು ತಿರುಗುವ ಮೇಷ್ಟ್ರು ಹೊಲದ ಕೆಲಸ ಕಮ್ಮಿ ಇರುವ ಕಾಲ ನೋಡಿಕೊಂಡು ಬರುತ್ತಿದ್ದರು. ಚರ್ಚಿನಲ್ಲೋ ಶಾಲೆಯಲ್ಲೋ ಕೆಲವು ದಿನ ಹಾಡಿನ ಪಾಠ ನಡೆಯುತ್ತಿತ್ತು. ಸಿಂಗಿಂಗ್ ಸ್ಕೂಲ್ ಅಂದರೆ ಇದೇ. ಮೇಷ್ಟ್ರ ಚೀಲದಲ್ಲಿ ಮಾರಾಟಕ್ಕೆ ಪುಸ್ತಕಗಳೂ ಇರುತ್ತಿದ್ದವು. ಟೆನೆಸಿಯ ಲಾರೆನ್ಸ್‌ಬರ್ಗ್‌ನ ಪ್ರಕಾಶಕ ಜೇಮ್ಸ್ ಡಿ. ವಾನ್ 1910ರಲ್ಲಿ ನಾಲ್ಕು ಗಾಯಕರನ್ನು ಸಂಬಳ ಕೊಟ್ಟು ಊರೂರಿಗೆ ಕಳಿಸಿದರು. ತಮ್ಮ ಹೊಸ ಪುಸ್ತಕದ ಹಾಡುಗಳನ್ನು ಹಾಡಿ ತೋರಿಸಲಿ, ಜನ ಕೊಳ್ಳಲಿ ಅಂತ. ಇವತ್ತಿನ ಗಾಸ್ಪೆಲ್ ಕ್ವಾರ್ಟೆಟ್‌ಗಳ ಮೂಲ ಅಲ್ಲಿದೆ. ಇದು ಬರೀ ವ್ಯಾಪಾರ ಅಂತ ಕೆಲವರು ಹೇಳಬಹುದು. ನನಗೆ ಹಾಗನಿಸುವುದಿಲ್ಲ. ನಂಬಿಕೆ ಇರುವವರೇ ಬರೆದರು, ನಂಬಿಕೆ ಇರುವವರೇ ಕೊಂಡರು, ಮನೆಮನೆಯಲ್ಲಿ ನಾಲ್ಕು ದನಿಯಲ್ಲಿ ಹಾಡುವ ಜನ ಹುಟ್ಟಿಕೊಂಡರು.

ಈಗ ಕಂಟ್ರಿಯ ದೊಡ್ಡ ಹೆಸರುಗಳನ್ನು ನೋಡಿ. ಎ. ಪಿ. ಕಾರ್ಟರ್ ಅವರ ಸೋದರಮಾವ ಸಿಂಗಿಂಗ್ ಸ್ಕೂಲ್ ಮೇಷ್ಟ್ರು. ಲೂವಿನ್ ಸಹೋದರರ ತಾಯಿ ಅಲಬಾಮಾದ ಸೇಕ್ರೆಡ್ ಹಾರ್ಪ್ ಮನೆತನದವರು. ಚಾರ್ಲಿ ಮತ್ತು ಐರಾ ದನಿ ಎಲ್ಲಿ ಸೇರುತ್ತದೆ, ಎಲ್ಲಿ ಬೇರೆಯಾಗುತ್ತದೆ ಅಂತ ಹೇಳುವುದೇ ಕಷ್ಟ. ಆ ಕಿವಿ ಅವರಿಗೆ ಬಂದದ್ದು ಅಮ್ಮನ ಕಡೆಯಿಂದ. ಆಲ್ಬರ್ಟ್ ಬ್ರಮ್ಲಿ ಹತ್ತಿ ಬಿಡಿಸುವ ಕುಟುಂಬದ ಹುಡುಗ. ಅರ್ಕಾನ್ಸಾಸ್‌ನ ಹಾರ್ಟ್‌ಫರ್ಡ್‌ನಲ್ಲಿ ಗಾಸ್ಪೆಲ್ ಪ್ರಕಾಶಕರೇ ನಡೆಸುತ್ತಿದ್ದ ಶಾಲೆಯಲ್ಲಿ ಕಲಿತರು. 1929ರಲ್ಲಿ ಅವರು ಬರೆಯಲು ಶುರು ಮಾಡಿದ 'ಐ ವಿಲ್ ಫ್ಲೈ ಅವೇ' 1932ರಲ್ಲಿ ಅಚ್ಚಾಯಿತು. ಈಗ ಅದನ್ನು ಹಾಡದ ಕಂಟ್ರಿ ಗಾಯಕರನ್ನು ಹುಡುಕಬೇಕು.

ಹಾಗಾಗಿ ಉತ್ತರದ ಮೊದಲ ಅರ್ಧ ಇದು. ಇವರಿಗೆ ಸಂಗೀತದ ಶಾಲೆ ಅಂತ ಇದ್ದದ್ದು ಚರ್ಚ್ ಒಂದೇ. ಕುಡಿತದ ಹಾಡನ್ನೂ ಅವರು ಚರ್ಚಿನಲ್ಲಿ ಕಲಿತ ಗಂಟಲಿನಿಂದಲೇ ಹಾಡಿದರು.

ಉಳಿದ ಅರ್ಧ ನಂಬಿಕೆಯದು. ದಕ್ಷಿಣದ ಈ ಸಭೆಗಳಲ್ಲಿ ಸಾಕ್ಷಿ ಹೇಳುವ ಪದ್ಧತಿ ಇದೆ. ಎಲ್ಲರ ಮುಂದೆ ಎದ್ದು ನಿಂತು, ನಾನು ಹೀಗಿದ್ದೆ, ಇಂಥ ತಪ್ಪು ಮಾಡಿದೆ, ಯೇಸು ನನ್ನನ್ನು ಹಿಡಿದೆತ್ತಿದ ಅಂತ ಹೇಳುವುದು. ಮೊದಲು ಶುದ್ಧನಾಗಿ ಆಮೇಲೆ ಬಾ ಅಂತ ಅಲ್ಲಿ ಹೇಳುವುದಿಲ್ಲ. ಇದ್ದ ಹಾಗೇ ಬಾ ಅನ್ನುತ್ತಾರೆ. ಲೂಕನ ಸುವಾರ್ತೆಯ 15ನೇ ಅಧ್ಯಾಯದಲ್ಲಿ ತಪ್ಪಿಹೋದ ಮಗನ ಕಥೆ ಬರುತ್ತದಲ್ಲ, ಆಸ್ತಿಯೆಲ್ಲ ಕರಗಿಸಿ ಹಂದಿ ಕಾಯುವ ಸ್ಥಿತಿಗೆ ಬಂದವನು, ಅವನನ್ನು ದೂರದಿಂದಲೇ ಕಂಡು ಅಪ್ಪ ಓಡಿ ಬರುತ್ತಾನೆ. ಕಂಟ್ರಿ ಗಾಯಕರ ಕುಡಿತದ ಹಾಡು ಆ ಕಥೆಯ ಮೊದಲ ಭಾಗ, ಗಾಸ್ಪೆಲ್ ಹಾಡು ಎರಡನೇ ಭಾಗ. ಕೇಳುವ ಜನಕ್ಕೆ ಎರಡೂ ಭಾಗ ಬಾಯಿಪಾಠ. ಅದಕ್ಕೇ ಅವರಿಗೆ ಇದರಲ್ಲಿ ವಿಚಿತ್ರ ಏನೂ ಕಾಣಲಿಲ್ಲ.

ಆದರೆ ಎಲ್ಲರೂ ಮನೆಗೆ ಮರಳಿದರು ಅಂತಲ್ಲ. ಹ್ಯಾಂಕ್ ವಿಲಿಯಮ್ಸ್ ಹುಟ್ಟಿದ್ದು 1923ರಲ್ಲಿ, ಅಲಬಾಮಾದಲ್ಲಿ. ತಾಯಿ ಬ್ಯಾಪ್ಟಿಸ್ಟ್ ಚರ್ಚಿನಲ್ಲಿ ಆರ್ಗನ್ ನುಡಿಸುತ್ತಿದ್ದರು. ಗಿಟಾರ್ ಪಾಠ ಸಿಕ್ಕಿದ್ದು ಬೀದಿಯಲ್ಲಿ ನುಡಿಸುತ್ತಿದ್ದ ಕಪ್ಪು ಸಂಗೀತಗಾರ ರೂಫಸ್ ಪೇನ್ ಅವರಿಂದ. 'ಐ ಸಾ ದ ಲೈಟ್', ಅಂದರೆ ಬೆಳಕು ಕಂಡೆ ಎಂಬ ಹಾಡನ್ನು ಹ್ಯಾಂಕ್ 1947ರಲ್ಲಿ ರೆಕಾರ್ಡ್ ಮಾಡಿದರು. ಕುಡಿತ ಮಾತ್ರ ಬಿಡಲಿಲ್ಲ. 1952ರಲ್ಲಿ ಗ್ರ್ಯಾಂಡ್ ಓಲ್ ಆಪ್ರಿ ಎಂಬ ಹೆಸರಾಂತ ಕಂಟ್ರಿ ರೇಡಿಯೊ ಕಾರ್ಯಕ್ರಮದಿಂದಲೂ ಅವರನ್ನು ತೆಗೆದುಹಾಕಿದರು. ಆ ವರ್ಷವೇ ಒಮ್ಮೆ ಕಾರಿನಲ್ಲಿ ಹೋಗುವಾಗ ಹಾಸ್ಯನಟಿ ಮಿನ್ನಿ ಪರ್ಲ್, ಹ್ಯಾಂಕ್ ಮನಸ್ಸು ಹಗುರ ಮಾಡಲು ಅದೇ ಹಾಡನ್ನು ಜೊತೆಯಲ್ಲಿ ಹಾಡಿಸಿದರಂತೆ. ಹ್ಯಾಂಕ್ ನಡುವೆಯೇ ನಿಲ್ಲಿಸಿ, ಬೆಳಕು ಅನ್ನೋದು ಇಲ್ಲವೇ ಇಲ್ಲ ಅಂದರಂತೆ. 1953ರ ಜನವರಿ 1ರಂದು ಕಾರಿನ ಹಿಂದಿನ ಸೀಟಿನಲ್ಲೇ ತೀರಿಕೊಂಡರು. ವಯಸ್ಸು 29. ಅಂತ್ಯಕ್ರಿಯೆಯಲ್ಲಿ ಕಂಟ್ರಿ ಗಾಯಕ ರಾಯ್ ಏಕಫ್ ಮತ್ತು ಜೊತೆಗಾರರು ಆ ಹಾಡನ್ನೇ ಹಾಡಿದರು. ಇದನ್ನು ಬೂಟಾಟಿಕೆ ಅಂತ ಯಾರಾದರೂ ಅಂದರೆ ನಾನು ಒಪ್ಪುವುದಿಲ್ಲ. ನಂಬಲು ಇಷ್ಟೊಂದು ಒದ್ದಾಡಿದ ಮನುಷ್ಯನಿಗೆ ಆ ಮಾತು ಹೇಗೆ ತಾನೇ ಒಪ್ಪುತ್ತದೆ?

ಸಮಯ ಓಡುತ್ತಿದೆ, ಉಳಿದದ್ದನ್ನು ಒಟ್ಟಿಗೆ ಹೇಳುತ್ತೇನೆ.

ಆಪ್ರಿ ಕಾರ್ಯಕ್ರಮ 1943ರಿಂದ 1974ರವರೆಗೆ ನಡೆದ ನ್ಯಾಶ್‌ವಿಲ್‌ನ ರೈಮನ್ ಸಭಾಂಗಣ ಮೊದಲು ದೇವರ ಸಭೆಗೆ ಅಂತಲೇ ಕಟ್ಟಿದ್ದು. ಸ್ಟೀಮ್‌ಬೋಟ್ ಮಾಲೀಕ ಟಾಮ್ ರೈಮನ್ 1885ರಲ್ಲಿ ಧರ್ಮಪ್ರಚಾರಕ ಸ್ಯಾಮ್ ಜೋನ್ಸ್ ಅವರ ಪ್ರಸಂಗ ಕೇಳಿ ಬದಲಾದರು. 1892ರಲ್ಲಿ ಕಟ್ಟಡ ಮುಗಿಯಿತು. ಪ್ರೇಕ್ಷಕರು ಇಂದಿಗೂ ಚರ್ಚಿನ ಬೆಂಚುಗಳ ಮೇಲೇ ಕೂರುತ್ತಾರೆ. ಜಾನಿ ಕ್ಯಾಶ್ ಮೊದಲು ಗಾಸ್ಪೆಲ್ ಹಾಡಲೆಂದೇ ಸನ್ ರೆಕಾರ್ಡ್ಸ್‌ನ ಸ್ಯಾಮ್ ಫಿಲಿಪ್ಸ್ ಬಳಿ ಹೋಗಿದ್ದರು. ಅದು ಮಾರಾಟವಾಗಲ್ಲ ಅಂತ ಫಿಲಿಪ್ಸ್ ಒಪ್ಪಲಿಲ್ಲ. ಕೊಲಂಬಿಯಾ ಕಂಪನಿಗೆ ಬಂದ ಮೇಲೆ, 1959ರಲ್ಲಿ ಕ್ಯಾಶ್ ಪೂರ್ತಿ ಒಂದು ಗಾಸ್ಪೆಲ್ ಆಲ್ಬಮ್ ತಂದರು.

ಕಪ್ಪು ಚರ್ಚುಗಳ ಋಣವನ್ನು ಮಾತ್ರ ನಾನು ಹೇಳದೇ ಬಿಡುವುದಿಲ್ಲ. ಕಾರ್ಟರ್ ಜೊತೆ ಹಾಡು ಹುಡುಕಿಕೊಂಡು ಊರೂರು ತಿರುಗಿದವರು ಲೆಸ್ಲಿ ರಿಡಲ್. ಕಾರ್ಟರ್ ಮಾತು ಬರೆದುಕೊಂಡರೆ ರಿಡಲ್ ಧಾಟಿ ನೆನಪಿಟ್ಟುಕೊಳ್ಳುತ್ತಿದ್ದರು. ರೆಕಾರ್ಡಿನ ಮೇಲೆ ಅವರ ಹೆಸರು ಬರಲಿಲ್ಲ. 1951ರಲ್ಲಿ ರೆಡ್ ಫೋಲಿ ಹಾಡಿ ಹತ್ತು ಲಕ್ಷ ಪ್ರತಿ ದಾಟಿದ 'ಪೀಸ್ ಇನ್ ದ ವ್ಯಾಲಿ' ಬರೆದವರು ಷಿಕಾಗೋದ ಥಾಮಸ್ ಡಾರ್ಸಿ. ಅವರೂ ಕಪ್ಪು ಸಂಗೀತಗಾರರು, ಅದಕ್ಕೂ ಮೊದಲು ಬ್ಲೂಸ್ ಪಿಯಾನೊ ನುಡಿಸುತ್ತಿದ್ದವರು. ಶನಿವಾರ ಮತ್ತು ಭಾನುವಾರದ ಎಳೆದಾಟ ಅವರಿಗೂ ಚೆನ್ನಾಗಿ ಗೊತ್ತಿತ್ತು.

ಕೊನೆಯದಾಗಿ ಕ್ರಿಸ್ ಕ್ರಿಸ್ಟೋಫರ್ಸನ್. ರಾತ್ರಿಯ ಕುಡಿತದ ತಲೆನೋವಿನಲ್ಲಿ ಎದ್ದವನು ಭಾನುವಾರ ಬೆಳಗ್ಗೆ ಸಂಡೇ ಸ್ಕೂಲ್ ಪಕ್ಕ ನಿಂತು ಹಾಡು ಕೇಳಿಸಿಕೊಳ್ಳುತ್ತಾನೆ. ಅಂಥದ್ದೊಂದು ಹಾಡು ಅವರು ಬರೆದದ್ದು, 'ಸಂಡೇ ಮಾರ್ನಿಂಗ್ ಕಮಿಂಗ್ ಡೌನ್'. 1970ರಲ್ಲಿ ಕ್ಯಾಶ್ ದನಿಯಲ್ಲಿ ಅದು ಕಂಟ್ರಿ ಪಟ್ಟಿಯ ಮೊದಲ ಸ್ಥಾನಕ್ಕೆ ಹೋಯಿತು. ಆಮೇಲೆ ನ್ಯಾಶ್‌ವಿಲ್‌ನ ಒಂದು ಚರ್ಚಿನಲ್ಲಿ ಕ್ರಿಸ್ಟೋಫರ್ಸನ್ ತಾವೇ ಅತ್ತುಬಿಟ್ಟರು. ಅಲ್ಲಿಂದ ಬಂದು ಬರೆದ 'ವೈ ಮಿ' 1973ರಲ್ಲಿ ಅದೇ ಪಟ್ಟಿಯ ಮೊದಲ ಸ್ಥಾನಕ್ಕೆ ಬಂತು. ಈ ಎರಡೂ ಹಾಡುಗಳನ್ನು ಇವತ್ತೇ ಒಂದರ ಹಿಂದೆ ಒಂದು ಕೇಳಿ. ನಿಮ್ಮ ಚರ್ಚಿನಲ್ಲಿ ಯಾರಾದರೂ ಡೊ ರೆ ಮಿ ಹಾಡಿಸಿ ಆಮೇಲೆ ಕನ್ನಡ ಗೀತೆ ಕಲಿಸುತ್ತಿದ್ದರೆ ಕಮೆಂಟಿನಲ್ಲಿ ಬರೆಯಿರಿ. ಅವರ ಬಗ್ಗೆ ಒಂದು ವಿಡಿಯೋ ಮಾಡಲು ನನಗೆ ತುಂಬ ಆಸೆ ಇದೆ.