ಮೇಣ ಹಾಕದ ಪಿಕಪ್: ಒಂದು ಹಳೇ ಟೇಸ್ಕೋ ಗಿಟಾರಿನ ಸುತ್ತ

ಎಲ್ಲರಿಗೂ ನಮಸ್ಕಾರ.

ಮೊದಲು ಒಂದು ಸದ್ದು ಕೇಳಿ. ತಂತಿ ಮುಟ್ಟುವುದಿಲ್ಲ. ತಂತಿಯ ಅದುರನ್ನು ವಿದ್ಯುತ್ತಾಗಿಸುವ ಭಾಗಕ್ಕೆ ಪಿಕಪ್ ಅನ್ನುತ್ತಾರೆ. ಅದರ ಮೇಲಿನ ಈ ಲೋಹದ ಮುಚ್ಚಳವನ್ನು ಉಗುರಿನಿಂದ ಸುಮ್ನೆ ತಟ್ಟುತ್ತೇನೆ. ಟಕ್, ಟಕ್. ಆಂಪ್‌ನಲ್ಲಿ, ಅಂದರೆ ಸದ್ದು ಹಿಗ್ಗಿಸುವ ಈ ಪೆಟ್ಟಿಗೆಯಲ್ಲಿ, ಎಷ್ಟು ಜೋರಾಗಿ ಬಂತು ನೋಡಿದಿರಲ್ಲ? ಗಿಟಾರ್ ರಿಪೇರಿ ಮಾಡುವವರು ಇದನ್ನು ದೋಷ ಅನ್ನುತ್ತಾರೆ. ನಾನು ಇವತ್ತು ಬಂದಿರುವುದೇ ಈ ದೋಷದ ಪರವಾಗಿ ವಾದಿಸಲು.

ಇದು ಟೇಸ್ಕೋ, 1960ರ ದಶಕದ ಜಪಾನಿ ಎಲೆಕ್ಟ್ರಿಕ್ ಗಿಟಾರ್. ಕಂಪನಿ ಶುರುವಾಗಿದ್ದು 1946ರಲ್ಲಿ, ಯುದ್ಧದಲ್ಲಿ ಸುಟ್ಟುಹೋಗಿದ್ದ ಟೋಕಿಯೋದಲ್ಲಿ. ಕಟ್ಟಿದವರು ಇಬ್ಬರು: ಗಿಟಾರ್ ವಾದಕ ಅತ್ಸುವೊ ಕನೆಕೊ, ಎಲೆಕ್ಟ್ರಿಕಲ್ ಎಂಜಿನಿಯರ್ ದೊರ್ಯು ಮತ್ಸುದಾ. ಮೊದಮೊದಲು ಮಾಡಿದ್ದು ತೊಡೆಯ ಮೇಲಿಟ್ಟು ನುಡಿಸುವ ಹವಾಯಿಯನ್ ಗಿಟಾರ್ ಮತ್ತು ಆಂಪ್‌ಗಳನ್ನು. 1965ರಲ್ಲಿ ಅಮೆರಿಕದ ವೆಂಚರ್ಸ್ ತಂಡ ಜಪಾನಿನಲ್ಲಿ ನುಡಿಸಿತು ನೋಡಿ, ಅಲ್ಲಿನ ಹುಡುಗರಿಗೆ ಹುಚ್ಚು ಹತ್ತಿತು. ಆ ಹುಚ್ಚಿಗೆ 'ಎಲೆಕಿ' ಅಂತ ಹೆಸರು. ಅತ್ತ ಅಮೆರಿಕಕ್ಕೂ ಇವು ಹಡಗುಗಟ್ಟಲೆ ಹೋದವು, ಕೆಲವು ಟೇಸ್ಕೋ ಡೆಲ್ ರೇ ಅನ್ನುವ ಹೆಸರಲ್ಲಿ, ಇನ್ನು ಕೆಲವು ಅಂಗಡಿಗಳ ಸ್ವಂತ ಹೆಸರಲ್ಲಿ. 1967ರಲ್ಲಿ ಪಿಯಾನೋ ತಯಾರಿಸುವ ಕವಾಯ್ ಕಂಪನಿ ಟೇಸ್ಕೋವನ್ನು ಕೊಂಡುಕೊಂಡಿತು.

ರೂಪ ನೋಡಿ. ಗೆರೆಗೆರೆಯ ಲೋಹದ ತಟ್ಟೆ, ಪ್ರತಿ ಪಿಕಪ್‌ಗೂ ಬೇರೆ ಸ್ವಿಚ್. ಇದರಲ್ಲಿ ಎರಡೇ ಪಿಕಪ್ ಇವೆ. ನಾಲ್ಕು ಪಿಕಪ್ ಇರುವ ಮಾದರಿಗಳೂ ಇದ್ದವು. ರಾಕ್ ಗಿಟಾರ್ ವಾದಕ ಎಡ್ಡಿ ವ್ಯಾನ್ ಹೇಲನ್ ಹುಡುಗನಾಗಿದ್ದಾಗ ಕೊಂಡ ಗಿಟಾರ್ ಅಂಥದ್ದೇ ಟೇಸ್ಕೋ. ನಾಲ್ಕು ಪಿಕಪ್ ನಿಜಕ್ಕೂ ಬೇಕಾ? ಬೇಡ. ಆದರೆ ಅಂಗಡಿಯ ಗಾಜಿನ ಹಿಂದೆ ನಿಂತಾಗ ಸ್ವಿಚ್ ಜಾಸ್ತಿ ಇರುವ ಗಿಟಾರೇ ಹುಡುಗರ ಕಣ್ಣಿಗೆ ಬೀಳುವುದು.

ಈಗ ಪಿಕಪ್ ವಿಷಯ. ಮುಚ್ಚಳದ ತೂತುಗಳಲ್ಲಿ ಚಿನ್ನದ ಬಣ್ಣದ ತೆಳು ಹಾಳೆ ಮಿನುಗುತ್ತದೆ. ಅದಕ್ಕೇ ಇದನ್ನು ಗೋಲ್ಡ್ ಫಾಯಿಲ್ ಅನ್ನುತ್ತಾರೆ. ಆ ಹಾಳೆ ಬರೀ ಶೋಕಿ, ನಾದ ಹುಟ್ಟುವುದು ಕೆಳಗೆ. ಅಲ್ಲಿ ಮ್ಯಾಗ್ನೆಟ್ ಇದೆ, ಅದರ ಸುತ್ತ ಕೂದಲಿಗಿಂತ ತೆಳುವಾದ ತಾಮ್ರದ ತಂತಿಯ ಸಾವಿರಾರು ಸುತ್ತು. ಮೇಲೆ ಉಕ್ಕಿನ ತಂತಿ ಅದುರಿದರೆ ಈ ಸುರುಳಿಯಲ್ಲಿ ಸಣ್ಣ ವಿದ್ಯುತ್ ಹುಟ್ಟುತ್ತದೆ. ಸಾಮಾನ್ಯವಾಗಿ ಸುರುಳಿಯನ್ನು ಬಿಸಿ ಮೇಣದಲ್ಲಿ ಅದ್ದಿ ತೆಗೆಯುತ್ತಾರೆ, ಸುತ್ತುಗಳು ಅಲುಗಾಡದಿರಲಿ ಅಂತ. ನಮ್ಮ ವೀಣೆಯ ಮೆಟ್ಟಿಲು ಕೂರಿಸುವುದೂ ಮೇಣದಲ್ಲೇ ಅಲ್ವಾ? ಇಲ್ಲಿ ಆ ಮೇಣ ಇಲ್ಲ. ಹಾಗಾಗಿ ಸುತ್ತುಗಳೂ ಅದುರುತ್ತವೆ, ಮುಚ್ಚಳವೂ ಅದುರುತ್ತದೆ. ಬೆರಳು ತಂತಿಯ ಮೇಲೆ ಜಾರಿದ ಸದ್ದು, ಮರ ಗುಂಯ್‌ಗುಟ್ಟಿದ್ದು, ಎಲ್ಲ ಸೇರಿಕೊಂಡು ಬರುತ್ತದೆ.

ಈ ಅಗ್ಗದ ಪಿಕಪ್ಪನ್ನು ಹುಡುಕಿಕೊಂಡು ಹೋದವರಲ್ಲಿ ಅಮೆರಿಕದ ಗಿಟಾರ್ ವಾದಕ ರೈ ಕೂಡರ್ ಒಬ್ಬರು. ಮೋಹನವೀಣೆಯ ವಿಶ್ವಮೋಹನ ಭಟ್ಟರ ಜೊತೆ ನುಡಿಸಿ ಗ್ರ್ಯಾಮಿ ಪಡೆದರಲ್ಲ, ಅವರೇ. ಆ ಧ್ವನಿಮುದ್ರಣಕ್ಕೂ ಈ ಪಿಕಪ್‌ಗೂ ಸಂಬಂಧವಿಲ್ಲ ಬಿಡಿ. ಆದರೆ ತಮ್ಮ ಫೆಂಡರ್ ಸ್ಟ್ರ್ಯಾಟೋಕಾಸ್ಟರ್ ಗಿಟಾರಿನ ನೆಕ್ (ಕೈಯಲ್ಲಿ ಹಿಡಿಯುವ ಉದ್ದನೆಯ ಭಾಗ) ಕಡೆಯ ಪಿಕಪ್ ತೆಗೆದು, ಅಲ್ಲಿ ಟೇಸ್ಕೋ ಗೋಲ್ಡ್ ಫಾಯಿಲ್ ಕೂರಿಸಿಕೊಂಡರು. ಕಂಪನಿ ಉಳಿತಾಯಕ್ಕೆ ಬಿಟ್ಟ ಮೇಣ, ಕೂಡರ್ ಕೈಯಲ್ಲಿ, ತಂತಿಯ ಮೇಲೆ ಕೊಳವೆ ಜಾರಿಸಿ ನುಡಿಸುವ ಸ್ಲೈಡ್ ಗಿಟಾರಿನ ಉಸಿರಾಯಿತು.

ನನ್ನ ಕೈಗೆ ಬಂದಾಗ ಇದರ ಸ್ಥಿತಿ ಹೇಳುತ್ತೇನೆ. ನೆಕ್ ದಪ್ಪ, ಕ್ರಿಕೆಟ್ ಬ್ಯಾಟಿನ ಹಿಡಿ ಹಿಡಿದ ಹಾಗೆ. ಆದರೆ ನೆಟ್ಟಗಿತ್ತು, ಅದೇ ಪುಣ್ಯ. ಹಳೇ ಅಗ್ಗದ ಗಿಟಾರ್ ಕೊಳ್ಳುವಾಗ ಮೊದಲು ನೆಕ್ಕನ್ನೇ ನೋಡಿ. ಬಣ್ಣ ಹೋಗಿದ್ದರೆ ಹೋಗಲಿ. ಸ್ವಿಚ್‌ಗಳು ಕರಕರ ಅನ್ನುತ್ತಿದ್ದವು. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಇಪ್ಪತ್ತು ಸಲ ಆಡಿಸಿದ ಮೇಲೆ ಸುಮ್ಮನಾದವು. ಬ್ರಿಡ್ಜ್, ಅಂದರೆ ತಂತಿಗಳು ಕೂರುವ ಕುದುರೆ, ಅದರ ಕಡೆಯ ಪಿಕಪ್ ಮಾತ್ರ ಸತ್ತಿತ್ತು. ಮಲ್ಟಿಮೀಟರ್ ಹಿಡಿದರೆ ಏನೂ ತೋರಿಸಲಿಲ್ಲ. ಅಂದರೆ ಪಿಕಪ್ ಒಳಗೆ ಎಲ್ಲೋ ತಂತಿ ತುಂಡಾಗಿದೆ.

ರಿಪೇರಿಯವರೊಬ್ಬರಿಗೆ ಕೊಟ್ಟೆ. "ಸಾರ್, ಪೂರ್ತಿ ಹೊಸದಾಗಿ ಸುತ್ತಿ, ಮೇಣದಲ್ಲಿ ಅದ್ದಿ ಕೊಡ್ತೀನಿ, ಈ ಟಕಟಕ ಎಲ್ಲ ಹೋಗುತ್ತೆ" ಅಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ನಾನು ವಾಪಸ್ ತಂದುಬಿಟ್ಟೆ. ಮನೆಯಲ್ಲಿ ಭೂತಗನ್ನಡಿ ಇಟ್ಟು ನೋಡಿದರೆ, ಸುರುಳಿ ಚೆನ್ನಾಗಿಯೇ ಇದೆ. ಹೊರಗಿನ ವೈರಿಗೆ ಸೇರುವ ಜಾಗದಲ್ಲಿ ಬೆಸುಗೆ ಬಿಟ್ಟಿತ್ತು, ಅಷ್ಟೇ. ಒಂದು ಹನಿ ಬೆಸುಗೆಗೆ ಜೀವ ಬಂತು.

ಇದಕ್ಕೆ ಬೆಲೆ ತೆರಬೇಕು, ಸುಳ್ಳು ಹೇಳಬಾರದು. ವಾಲ್ಯೂಮ್ ಏರಿಸಿದರೆ ಕಿರುಚುತ್ತದೆ. ಟ್ಯೂಬ್‌ಲೈಟ್ ಪಕ್ಕ ಕೂತರೆ ಗುಂಯ್ ಅನ್ನುತ್ತದೆ. ದೊಡ್ಡ ವೇದಿಕೆಯಲ್ಲಿ ಡ್ರಮ್ಸ್ ಜೊತೆ ಜೋರಾಗಿ ನುಡಿಸುವವರಿಗೆ ನಾನೇ ಇದನ್ನು ಕೊಡುವುದಿಲ್ಲ.

ಈಗ ಆ ಟ್ಯೂಬ್‌ಲೈಟ್ ಯಾರಾದರೂ ಆರಿಸುತ್ತೀರಾ? ಥ್ಯಾಂಕ್ಸ್. ಸ್ಪೀಕರ್ ಮುಂದೆ ಕೂತವರು ಸ್ವಲ್ಪ ಪಕ್ಕಕ್ಕೆ ಬನ್ನಿ. ಮೊದಲು ನೆಕ್ ಪಿಕಪ್ ಒಂದೇ, ಆಮೇಲೆ ಎರಡೂ ಸೇರಿಸಿ.